ಬೆನ್ ನೆವಿಸ್: 1345 ಮೀಟರಿನ ಬೆಟ್ಟ ಇಷ್ಟು ಒರಟು ಯಾಕೆ?

ಸಹನಾ_ನಡಿಗೆ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಮೇ ತಿಂಗಳ ಕೊನೆಗೆ ಸ್ಕಾಟ್ಲೆಂಡಿಗೆ ಹೋಗುತ್ತಿದ್ದೇನೆ. ತಮ್ಮ ಗ್ಲಾಸ್ಗೋದಲ್ಲಿ ಓದುತ್ತಿದ್ದಾನೆ. ಇಬ್ಬರೂ ಸೇರಿ ಬೆನ್ ನೆವಿಸ್ ಹತ್ತೋಣ ಅಂತ ಮಾತಾಡಿಕೊಂಡಿದ್ದೇವೆ.

ಬಸ್ಸು, ಹೋಟೆಲ್ ವಿಷಯ ಬೇಡ. ಅದು ಎಲ್ಲ ಕಡೆ ಸಿಗುತ್ತದೆ. ನನಗೆ ಬೇಕಿರುವುದು ಬೆಟ್ಟದ ಭೂಗೋಳ. ಬ್ರಿಟನ್ನಿನಲ್ಲೇ ಎತ್ತರದ ಬೆಟ್ಟ, 1345 ಮೀಟರ್ ಅಂತ ಓದಿದೆ. ಆದರೆ ಹಿಮಾಲಯದ ಲೆಕ್ಕದಲ್ಲಿ ಅದು ದೊಡ್ಡದೇನಲ್ಲ. ನಾವಿಬ್ಬರೂ 3000 ಮೀಟರ್ ದಾಟಿದ ಜಾಗದಲ್ಲಿ ನಡೆದಿದ್ದೇವೆ, ಏನೂ ತೊಂದರೆ ಆಗಲಿಲ್ಲ. ಆದರೂ ಬೆನ್ ನೆವಿಸ್ ಬಗ್ಗೆ ಏನು ಓದಿದರೂ ದಾರಿ ತಪ್ಪಿದವರು, ಕೊರಕಲಿಗೆ ಜಾರಿದವರು, ರಕ್ಷಣಾ ತಂಡ, ಇದೇ ಸುದ್ದಿ. ಇನ್ನೊಂದು ಕಡೆ ಅಜ್ಜ ಅಜ್ಜಿ ಮೊಮ್ಮಕ್ಕಳು ಒಟ್ಟಿಗೆ ತುದಿಯಲ್ಲಿ ನಿಂತ ಫೋಟೊಗಳು. ಎರಡೂ ಒಂದೇ ಬೆಟ್ಟದ್ದು ಹೇಗೆ?

ನಕ್ಷೆ ತೆಗೆದು ನೋಡಿದೆ. ಪಶ್ಚಿಮದಲ್ಲಿ ಎತ್ತರದ ಗೆರೆಗಳು ಒತ್ತೊತ್ತಾಗಿವೆ, ಆದರೂ ಎಣಿಸಬಹುದು. ಈಶಾನ್ಯದಲ್ಲಿ ಗೆರೆಗಳೇ ಕಾಣುವುದಿಲ್ಲ, ಬರೀ ಬಂಡೆಯ ಗುರುತು. ತುದಿಗೂ ಆ ಬಂಡೆಗೂ ನಡುವೆ ನಕ್ಷೆಯಲ್ಲಿ ಜಾಗವೇ ಇಲ್ಲ. ಒಂದೇ ಬೆಟ್ಟಕ್ಕೆ ಎರಡು ಮುಖ ಯಾಕೆ ಬಂತು? ಕಲ್ಲು ಯಾವುದು? ಮೇ ತಿಂಗಳಲ್ಲೂ ಮೇಲೆ ಹಿಮ ಇರುತ್ತದಂತೆ, ಇಷ್ಟು ಕಡಿಮೆ ಎತ್ತರದಲ್ಲಿ ಅದು ಹೇಗೆ? ನೋಡಿ ಬಂದವರು ದಯವಿಟ್ಟು ಬಿಡಿಸಿ ಹೇಳಿ.

ಮೋಡದೂರು ಉತ್ತರಿಸಿದ್ದಾರೆ:

ಸಹನಾ ಅವರೇ, ಆ 1345 ಅನ್ನುವ ಅಂಕಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಜನ ಈ ಬೆಟ್ಟವನ್ನು ಹಗುರವಾಗಿ ತೆಗೆದುಕೊಳ್ಳುವುದು ಅಲ್ಲಿಂದಲೇ ಶುರು. ನಾನು ಕೆಲಸಕ್ಕೆ ಅಂತ ಬೆಟ್ಟದ ಬುಡದ ಊರಾದ ಫೋರ್ಟ್ ವಿಲಿಯಂಗೆ ಬಂದು ಇಲ್ಲೇ ಉಳಿದವನು. ಎಲ್ಲ ಕಾಲದಲ್ಲೂ ಈ ಬೆಟ್ಟದ ಸುತ್ತ ಓಡಾಡಿದ್ದೇನೆ. ತುದಿ ಮುಟ್ಟುವುದಕ್ಕಿಂತ ಅದರ ಸುತ್ತ ನಡೆಯುವುದೇ ನನಗೆ ಜಾಸ್ತಿ ಇಷ್ಟ. ಹಾಗಾಗಿ ಉತ್ತರ ಉದ್ದವಾಗಬಹುದು.

ಮೊದಲು ಬುಡ ನೋಡಿ. ಫೋರ್ಟ್ ವಿಲಿಯಂ ಇರುವುದು ಲಾಕ್ ಲಿನ್ನಿಯ ದಡದಲ್ಲಿ. ಅದು ಸರೋವರ ಅಲ್ಲ, ಒಳನಾಡಿಗೆ ಚಾಚಿದ ಸಮುದ್ರ. ಉಬ್ಬರ ಇಳಿತ ಎರಡೂ ಇವೆ. ಬೆಟ್ಟದ ಹಾದಿ ಶುರುವಾಗುವುದು ಗ್ಲೆನ್ ನೆವಿಸ್ ಕಣಿವೆಯಲ್ಲಿ, ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ. ಅಂದರೆ 1300 ಮೀಟರಿಗೂ ಜಾಸ್ತಿ ಎತ್ತರವನ್ನು ನಿಮ್ಮ ಕಾಲೇ ಹತ್ತಬೇಕು. ಹಿಮಾಲಯದ ಎಷ್ಟೋ ಚಾರಣಗಳಲ್ಲಿ ಜೀಪು 2000 ಮೀಟರ್ ದಾಟಿಸಿ ಬಿಡುತ್ತದೆ, ಆಮೇಲೆ ದಿನಕ್ಕಿಷ್ಟು ಅಂತ ಹತ್ತುತ್ತೇವೆ. ಇಲ್ಲಿ ಹತ್ತುವುದು ಇಳಿಯುವುದು ಎಲ್ಲ ಒಂದೇ ದಿನ. ಹೋಗಿ ಬರಲು ಸುಮಾರು 16-17 ಕಿ.ಮೀ., ಏಳರಿಂದ ಒಂಬತ್ತು ಗಂಟೆ. ನೀವು ನಕ್ಷೆಯಲ್ಲಿ ಕಂಡ ಆ ಒತ್ತಾದ ಗೆರೆಗಳು ಗ್ಲೆನ್ ನೆವಿಸ್ ಕಡೆಯ ಇಳಿಜಾರು. ನೆವಿಸ್ ಹೊಳೆಯಿಂದ ಮೇಲಕ್ಕೆ ಸುಮಾರು ಎರಡು ಕಿ.ಮೀ. ಅಡ್ಡದೂರದಲ್ಲಿ 1200 ಮೀಟರ್ ಏರುತ್ತದೆ. ಬ್ರಿಟನ್ನಿನಲ್ಲಿ ಇಷ್ಟು ಉದ್ದದ, ಇಷ್ಟು ಕಡಿದಾದ ಇಳಿಜಾರು ಇನ್ನೊಂದಿಲ್ಲ. ಅದೇ ಈ ಬೆಟ್ಟದ ಸುಲಭದ ಕಡೆ!

ಎರಡನೆಯದು, ಈ ಜಾಗ ಎಷ್ಟು ಉತ್ತರದಲ್ಲಿದೆ ಅನ್ನುವುದು. 56.8 ಡಿಗ್ರಿ ಉತ್ತರ. ಮಾಸ್ಕೋಗಿಂತ ಮೇಲೆ. ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ ದಡವನ್ನು ಹದವಾಗಿಡುತ್ತದೆ, ಊರಲ್ಲಿ ಹಿಮ ಬಿದ್ದರೂ ಜಾಸ್ತಿ ದಿನ ನಿಲ್ಲುವುದಿಲ್ಲ. ಅದೇ ಸಮುದ್ರದ ತೇವದ ಗಾಳಿ ನೇರ ಬಂದು ಬಡಿಯುವ ಮೊದಲ ದೊಡ್ಡ ಬೆಟ್ಟಗಳಲ್ಲಿ ಇದೂ ಒಂದು. ನೂರು ಮೀಟರ್ ಹತ್ತಿದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಣ್ಣಗಾಗುತ್ತದೆ. ಕೆಳಗೆ 12 ಡಿಗ್ರಿ ಹಿತವಾಗಿದ್ದರೆ ಮೇಲೆ ಮೂರೋ ನಾಲ್ಕೋ. ಅದರ ಮೇಲೆ ಗಾಳಿ. ಈ ನಾಡಿನಲ್ಲಿ 600 ಮೀಟರ್ ಬಂದರೆ ಮರಗಳ ಕಾಲ ಮುಗಿಯಿತು. ಆಮೇಲೆ ಹುಲ್ಲು, ಹೀದರ್ ಪೊದೆ, ಪಾಚಿ. ತುದಿಯಲ್ಲಿ ಬರೀ ಕಲ್ಲು. ಬಂಡೆಯ ಸಂದಿನಲ್ಲಿ ಮಾತ್ರ ಉತ್ತರ ಧ್ರುವದ ಕಡೆ ಬೆಳೆಯುವಂಥ ಪುಟ್ಟ ಗಿಡಗಳು ಉಳಿದುಕೊಂಡಿವೆ. ಉಸಿರಾಟಕ್ಕೆ 1345 ಮೀಟರ್ ಏನೂ ಅಲ್ಲ ಅನ್ನುವುದು ನಿಜ. ಚಳಿಗೆ, ಗಾಳಿಗೆ, ಮೋಡಕ್ಕೆ ಅದು ತುಂಬಾ ಎತ್ತರ.

ಈಗ ಎರಡು ಮುಖದ ಮಾತು. ನನಗೆ ಈ ಬೆಟ್ಟದಲ್ಲಿ ತುಂಬಾ ಪ್ರೀತಿಯ ವಿಷಯ ಇದೇ.

ಫೋರ್ಟ್ ವಿಲಿಯಂ ಪೇಟೆಯಲ್ಲಿ ನಿಂತರೆ ಬೆನ್ ನೆವಿಸ್‌ನ ತುದಿ ಸರಿಯಾಗಿ ಕಾಣುವುದೇ ಇಲ್ಲ. ಮುಂದಿನ ಗುಡ್ಡಗಳು ಅಡ್ಡ ನಿಲ್ಲುತ್ತವೆ. ಊರು ಬಿಟ್ಟು ಲಾಕ್‌ನ ಆಚೆ ದಡದ ಕಾರ್ಪಾಕ್‌ಗೋ, ಬ್ಯಾನವಿಗೋ ಹೋದರೆ ಆಗ ಪೂರ್ತಿ ಕಾಣುತ್ತದೆ. ಬಲಗಡೆ ದುಂಡಗಿನ, ಭಾರವಾದ ಬೆನ್ನು. ಎಡಗಡೆ ಆ ಬೆನ್ನು ಥಟ್ಟನೆ ಕಡಿದುಹೋಗಿ ನೆರಳು ತುಂಬಿದ ಗೋಡೆ. ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನ ಹತ್ತುವುದು ಆ ದುಂಡು ಬೆನ್ನಿನ ಮೇಲೆ. ಹಾದಿ ಎಲ್ಲೂ ಗೋಡೆಯ ಕಡೆ ತಿರುಗುವುದಿಲ್ಲ. ತುದಿಯಲ್ಲಿ ಊಟ ಮಾಡಿ, ಫೋಟೊ ತೆಗೆದು ಇಳಿದವರಲ್ಲಿ ತುಂಬಾ ಜನ ತಾವು ಯಾವ ಗೋಡೆಯ ಮೇಲೆ ಕೂತಿದ್ದೆವು ಅನ್ನುವುದನ್ನು ನೋಡಿರುವುದೇ ಇಲ್ಲ. ನೀವು ಕೇಳಿದ ಅಜ್ಜ ಅಜ್ಜಿಯ ಫೋಟೊ, ರಕ್ಷಣಾ ತಂಡದ ಸುದ್ದಿ, ಎರಡೂ ಒಂದೇ ಜಾಗದಲ್ಲಿ ಆಗುವುದು ಹೀಗೆ. ನಡುವೆ ಕೆಲವು ಮೀಟರ್ ಅಷ್ಟೇ ಅಂತರ.

ಗೋಡೆಯನ್ನು ನೋಡಬೇಕಾದರೆ ಬೆಟ್ಟದ ಉತ್ತರದ ಬದಿಯಲ್ಲಿರುವ ಟಾರ್ಲಂಡಿ ಅನ್ನುವ ಹಳ್ಳಿಯ ಕಡೆಯಿಂದ ಹೋಗಬೇಕು. ಕಾಡಿನೊಳಗೆ ಏರುವ ಹಾದಿ, ಆಮೇಲೆ ಆಲ್ಟ್ ಆ ವೂಲಿನ್ ಅನ್ನುವ ತೊರೆಯ ಪಕ್ಕ ನಡಿಗೆ. ಕಾಡು ಮುಗಿದ ಮೇಲೆ ಒಂದೊಂದೇ ಏಣು, ಅಂದರೆ ಬಂಡೆಯ ಕಿರಿದಾದ ದಿಣ್ಣೆ, ಬಲಗಡೆ ತೆರೆದುಕೊಳ್ಳುತ್ತದೆ. ಕಾಸಲ್ ರಿಜ್, ಆಮೇಲೆ ಟವರ್ ರಿಜ್, ಅಬ್ಸರ್ವೇಟರಿ ರಿಜ್, ಕೊನೆಗೆ ನಾರ್ತ್ ಈಸ್ಟ್ ಬಟ್ರೆಸ್. ಬಂಡೆಗೋಡೆ ಕೆಲವು ಕಡೆ 600-700 ಮೀಟರ್ ಎತ್ತರ. ಏಣು ಏಣುಗಳ ನಡುವೆ ಕೊರಕಲುಗಳು. ಸುಮಾರು 680 ಮೀಟರ್ ಎತ್ತರದಲ್ಲಿ ಸಿಐಸಿ ಹಟ್ ಅಂತ ಒಂದು ಕಲ್ಲಿನ ಮನೆ ಇದೆ, 1929ರಲ್ಲಿ ಕಟ್ಟಿದ್ದು, ಬಂಡೆ ಹತ್ತುವವರ ಸಂಘದ್ದು. ಒಳಗೆ ಹೋಗಲು ಆಗುವುದಿಲ್ಲ, ಪಕ್ಕದಲ್ಲಿ ಕೂತು ತಲೆ ಎತ್ತಿ ನೋಡಲು ಅಡ್ಡಿಯಿಲ್ಲ. ಸಾಮಾನು ಹೊತ್ತು ಬಂಡೆಗೆ ಹೋಗುವವರನ್ನು ಅಲ್ಲಿಂದ ನೋಡಿದರೆ ಮನುಷ್ಯರು ಅಂತ ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕು. ಆಗ ಗೋಡೆಯ ಅಳತೆ ಗೊತ್ತಾಗುತ್ತದೆ.

ಒಂದೇ ಬದಿ ಹೀಗೆ ಕಡಿದುಹೋಗಿದ್ದು ಯಾಕೆ ಅಂದರೆ ಹಿಮನದಿ. ಇಲ್ಲಿ ಜಾಸ್ತಿ ಬೀಸುವುದು ನೈಋತ್ಯದ ಗಾಳಿ. ಅದು ತುದಿಯ ಬಯಲಿನ ಹಿಮವನ್ನು ಗುಡಿಸಿಕೊಂಡು ಹೋಗಿ ಈಶಾನ್ಯದ ಮರೆಗೆ ಸುರಿಯುತ್ತದೆ. ಆ ಕಡೆ ಬಿಸಿಲೂ ಕಡಿಮೆ, ಕರಗುವುದಿಲ್ಲ. ಹಿಮಯುಗದಲ್ಲಿ ಹೀಗೆ ಸೇರಿದ ಹಿಮ ಒತ್ತಿ ಒತ್ತಿ ಗಡ್ಡೆಯಾಗಿ, ತನ್ನ ಭಾರಕ್ಕೆ ತಾನೇ ಜಾರುತ್ತಾ ಹಿಂದಿನ ಬಂಡೆಯನ್ನು ಕಿತ್ತುಕೊಂಡು ಹೋಯಿತು. ಮೂರು ಕಡೆ ಗೋಡೆ, ಒಂದು ಕಡೆ ಬಾಯಿ ಇರುವ ಕಣಿವೆಗಳು ಉಳಿದವು. ಅದಕ್ಕೆ ಇಲ್ಲಿ ಕೊರಿ ಅನ್ನುತ್ತಾರೆ. ಕೊರಿ ಲೇಶ್, ಕೊರಿ ನ ಕಿಶ್ಚ ಅಂತ ನಕ್ಷೆಯಲ್ಲಿ ಹುಡುಕಿ. ಕಾರ್ನ್ ಮೋರ್ ಜೆರಗ್ ಅನ್ನುವ 1220 ಮೀಟರಿನ ಪಕ್ಕದ ಬೆಟ್ಟಕ್ಕೂ ಬೆನ್ ನೆವಿಸ್‌ಗೂ ನಡುವೆ ಕಮಾನಿನಂತೆ ಬಾಗಿದ ಒಂದು ಕಿರಿದಾದ ಏಣು ಇದೆ. ಎರಡೂ ಬದಿಯಿಂದ ಹಿಮನದಿ ಕೊರೆದು ನಡುವೆ ಅಷ್ಟು ಮಾತ್ರ ಉಳಿಸಿದೆ. ಇನ್ನೊಂದು ಬದಿಯಲ್ಲಿ ದೊಡ್ಡ ಹಿಮನದಿ ಗ್ಲೆನ್ ನೆವಿಸ್ ಕಣಿವೆಯನ್ನೇ ಅಗಲ ಮಾಡಿತು. ಕಣಿವೆಯ ಮೇಲ್ತುದಿಯಲ್ಲಿ ಸ್ಟೀಲ್ ಜಲಪಾತ 120 ಮೀಟರ್ ಬೀಳುತ್ತದೆ. ಮೇಲಿನ ಚಿಕ್ಕ ಕಣಿವೆಯನ್ನು ಕೆಳಗಿನ ದೊಡ್ಡ ಹಿಮನದಿ ಕತ್ತರಿಸಿದ್ದರಿಂದ ಆ ನೀರಿಗೆ ಹಾರುವುದೊಂದೇ ದಾರಿ.

ಇಲ್ಲಿಯ ಕೊನೆಯ ಹಿಮನದಿಗಳು ಹೋಗಿ ಸುಮಾರು 11,700 ವರ್ಷ ಆಯಿತು. ಗಾಳಿ ಮಾತ್ರ ಅದೇ ಕೆಲಸ ಮಾಡುತ್ತಿದೆ. ಇವತ್ತೂ ಹಿಮ ಈಶಾನ್ಯದ ಅಂಚಿಗೇ ಸೇರುತ್ತದೆ. ಅಂಚು ದಾಟಿ ಗಾಳಿಯಲ್ಲಿ ಹೊರಗೆ ಚಾಚಿ ನಿಲ್ಲುತ್ತದೆ, ಕಾರ್ನಿಸ್ ಅಂತಾರೆ. ಮೇಲಿನಿಂದ ನೋಡಿದರೆ ಗಟ್ಟಿ ನೆಲ, ಕೆಳಗೆ ಏನೂ ಇಲ್ಲ. ಮೇ ತಿಂಗಳಲ್ಲೂ ಇದು ಇರಬಹುದು. ದಯವಿಟ್ಟು ಇದನ್ನು ತಮ್ಮನಿಗೂ ಹೇಳಿ.

ಕಲ್ಲುಪಾಠ ಉತ್ತರಿಸಿದ್ದಾರೆ:

ಮೋಡದೂರು ಅವರು ಆಕಾರ ಹೇಳಿದರು, ನಾನು ಕಲ್ಲು ಹೇಳುತ್ತೇನೆ. ಭೂವಿಜ್ಞಾನ ಕಲಿಸುವವಳು ನಾನು. ವಿದ್ಯಾರ್ಥಿಗಳಿಗೆ ಹೇಳಲು ನನಗೆ ತುಂಬಾ ಇಷ್ಟವಾದ ಬೆಟ್ಟ ಇದು.

ಇದನ್ನು ಸತ್ತ ಜ್ವಾಲಾಮುಖಿ ಅಂತ ಒಂದೇ ಮಾತಲ್ಲಿ ಬರೆದುಬಿಡುತ್ತಾರೆ. ಅರ್ಧ ಸರಿ. ಈಗ ಕಾಣುವ ಆಕಾರ ಜ್ವಾಲಾಮುಖಿಯದ್ದಲ್ಲ, ತುದಿಯಲ್ಲಿ ಬಾಯಿಯೂ ಇಲ್ಲ. ಕಲ್ಲು ಮಾತ್ರ ಜ್ವಾಲಾಮುಖಿಯದ್ದು, ಅದೂ ಮೇಲಿನ ಭಾಗದ್ದು.

40 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಇಯಾಪೆಟಸ್ ಅನ್ನುವ ಸಮುದ್ರ ಮುಚ್ಚಿಕೊಂಡಿತು. ಎರಡು ಕಡೆಯ ಭೂಭಾಗಗಳು ಡಿಕ್ಕಿಯಾಗಿ ದೊಡ್ಡ ಪರ್ವತಸಾಲು ಎದ್ದಿತು. ಅಮೆರಿಕದ ಆಪಲೇಚಿಯನ್ ಬೆಟ್ಟಗಳೂ ಅದೇ ಕಥೆಯ ಭಾಗ, ಅಟ್ಲಾಂಟಿಕ್ ತೆರೆದುಕೊಂಡಾಗ ಬೇರೆಯಾದವು. ಆ ಒತ್ತಡದಲ್ಲಿ ಹಳೆಯ ಕೆಸರು, ಮರಳು ಎಲ್ಲ ಮಡಿಚಿ ಶಿಸ್ಟ್ ಮತ್ತು ಕ್ವಾರ್ಟ್ಸೈಟ್ ಆಗಿದ್ದವು. ಆಮೇಲೆ ಅವುಗಳ ಒಳಕ್ಕೆ ಶಿಲಾರಸ ನುಗ್ಗಿತು. ಆಳದಲ್ಲೇ ನಿಧಾನ ತಣಿದದ್ದು ಗ್ರಾನೈಟ್. ಮೇಲೆ ಉಕ್ಕಿದ್ದು ಆಂಡಿಸೈಟ್‌ನಂಥ ಜ್ವಾಲಾಮುಖಿ ಕಲ್ಲು.

ಈಗ ಮುಖ್ಯವಾದದ್ದು. ಮೇಲಿದ್ದ ಜ್ವಾಲಾಮುಖಿ ಕಲ್ಲಿನ ಒಂದು ದೊಡ್ಡ ತುಂಡು ಸುತ್ತಲೂ ಉಂಗುರದ ಹಾಗೆ ಬಿರುಕು ಬಿಟ್ಟು, ಬಾಟಲಿಯ ಬಿರಡೆ ಒಳಗೆ ಜಾರಿದ ಹಾಗೆ, ಕೆಳಗಿನ ಶಿಲಾರಸದೊಳಕ್ಕೆ ಹಲವು ನೂರು ಮೀಟರ್ ಇಳಿದುಹೋಯಿತು. ಸುತ್ತಲಿನ ಜಾಗದಲ್ಲಿ ಮೇಲಿದ್ದ ಜ್ವಾಲಾಮುಖಿ ಕಲ್ಲೆಲ್ಲ ಕೋಟಿಗಟ್ಟಲೆ ವರ್ಷಗಳಲ್ಲಿ ಸವೆದು ಹೋಯಿತು. ಒಳಗೆ ಇಳಿದ ತುಂಡು ಮಾತ್ರ ಉಳಿಯಿತು. ಗಟ್ಟಿ ಕಲ್ಲು ಬೇರೆ. ಹಿಮನದಿಗಳು ಸುತ್ತಲಿದ್ದದ್ದನ್ನು ಕಿತ್ತು ಒಯ್ದ ಮೇಲೆ ಅದೇ ಬ್ರಿಟನ್ನಿನ ಅತಿ ಎತ್ತರದ ಜಾಗವಾಯಿತು. ಅಂದು ಕುಸಿದದ್ದು ಇಂದು ಎಲ್ಲಕ್ಕಿಂತ ಮೇಲಿದೆ. ಎಷ್ಟು ಸಲ ಪಾಠ ಮಾಡಿದರೂ ಈ ಜಾಗಕ್ಕೆ ಬಂದಾಗ ನನಗೇ ಖುಷಿಯಾಗುತ್ತದೆ.

ಹೀಗೆ ನೆಲ ಉಂಗುರವಾಗಿ ಬಿರಿದು ಕುಸಿಯಬಹುದು ಅನ್ನುವುದನ್ನು ವಿಜ್ಞಾನಿಗಳು ಬಿಡಿಸಿ ತೋರಿಸಿದ್ದು ಬೆನ್ ನೆವಿಸ್ ಪಕ್ಕದ ಗ್ಲೆನ್ ಕೋದಲ್ಲಿ. ಕ್ಲಫ್, ಮಾಫ್, ಬೈಲಿ ಎಂಬ ಮೂವರು 1909ರಲ್ಲಿ ಬರೆದರು. ಗ್ಲಾಸ್ಗೋದಿಂದ ಫೋರ್ಟ್ ವಿಲಿಯಂಗೆ ರಸ್ತೆಯಲ್ಲಿ ಹೋದರೆ ನೀವು ಗ್ಲೆನ್ ಕೋ ನಡುವೆಯೇ ಹಾದು ಹೋಗುತ್ತೀರಿ. ನಿದ್ದೆ ಮಾಡಬೇಡಿ.

2014ರಿಂದ 2016ರವರೆಗೆ ಉತ್ತರದ ಗೋಡೆಯ ಸಮೀಕ್ಷೆ ನಡೆಯಿತು. ಬಂಡೆ ಹತ್ತುವವರು, ಸಸ್ಯ ತಜ್ಞರು, ಭೂವಿಜ್ಞಾನಿಗಳು ಜೊತೆಯಾಗಿ ಹಗ್ಗದಲ್ಲಿ ಇಳಿದು ಮೂಲೆ ಮೂಲೆ ನೋಡಿದರು. ಅಲ್ಲಿಯವರೆಗೆ ಆ ಎತ್ತರದ ಎಷ್ಟೋ ಜಾಗಕ್ಕೆ ಯಾವ ತಜ್ಞರೂ ಹೋಗಿರಲಿಲ್ಲ. ಲಾವಾ ಅಂತ ತಿಳಿದಿದ್ದ ಭಾಗಗಳಲ್ಲಿ, ಜ್ವಾಲಾಮುಖಿ ಕಲ್ಲಿನ ಚೂರುಗಳು ಕೆಸರಿನ ಜೊತೆ ಹರಿದು ಬಂದು ಗಟ್ಟಿಯಾದ ಪದರಗಳು ಕಂಡವು. ಡ್ರೂಪಿಂಗ್ ಸ್ಯಾಕ್ಸಿಫ್ರೇಜ್ ಅನ್ನುವ ಬಲು ಅಪರೂಪದ ಹೂಗಿಡವೂ ಆ ಸಂದುಗಳಲ್ಲಿ ಬೆಳೆಯುತ್ತದೆ.

ಇನ್ನೊಂದು ವಿಷಯ ನಕ್ಷೆಯಲ್ಲೇ ನೋಡಬಹುದು. ಫೋರ್ಟ್ ವಿಲಿಯಂನಿಂದ ಇನ್ವರ್ನೆಸ್‌ವರೆಗೆ ಸ್ಕಾಟ್ಲೆಂಡನ್ನು ಓರೆಯಾಗಿ ಸೀಳಿದ ಒಂದು ನೇರ ಗೆರೆ ಇದೆ. ಲಾಕ್ ಲಿನ್ನಿ, ಲಾಕ್ ಲಾಖಿ, ಲಾಕ್ ನೆಸ್ ಎಲ್ಲ ಆ ಗೆರೆಯ ಮೇಲೆ ಸಾಲಾಗಿವೆ. ಅದು ಗ್ರೇಟ್ ಗ್ಲೆನ್ ಎಂಬ ಸ್ತರಭಂಗ. ಎರಡು ಬದಿಯ ನೆಲ ಒಂದನ್ನೊಂದು ಉಜ್ಜಿಕೊಂಡು ಸರಿದ ಜಾಗ. ಪುಡಿಯಾದ ಕಲ್ಲನ್ನು ಹಿಮನದಿ ಸುಲಭವಾಗಿ ತೋಡಿತು. ಬೆನ್ ನೆವಿಸ್ ನಿಂತಿರುವುದು ಆ ಗೆರೆಯ ಪಕ್ಕದಲ್ಲೇ. ಬುಡ ಸಮುದ್ರಮಟ್ಟದವರೆಗೆ ಇಳಿದದ್ದಕ್ಕೆ ಇದೇ ಕಾರಣ.

ಹವಾಪುಟ ಉತ್ತರಿಸಿದ್ದಾರೆ:

ನಾನು ಆ ಬೆಟ್ಟ ಹತ್ತಿದವನಲ್ಲ, ಅದರ ಹವೆಯ ಲೆಕ್ಕ ಓದಿದವನು. ಆ ಲೆಕ್ಕ ಇರುವುದೇ ಒಂದು ದೊಡ್ಡ ಸಂಗತಿ, ಅದಕ್ಕೇ ಬರೆಯುತ್ತಿದ್ದೇನೆ.

1881ರ ಬೇಸಿಗೆಯಲ್ಲಿ ಕ್ಲೆಮೆಂಟ್ ರಾಗ್ ಎಂಬಾತ ಹವೆಯ ಅಳತೆ ತೆಗೆಯಲು ದಿನಾ ಬೆನ್ ನೆವಿಸ್ ಹತ್ತಿ ಇಳಿಯುತ್ತಿದ್ದ. ಅದನ್ನು ನೋಡಿ ಜನ ಹಣ ಕೊಟ್ಟರು. 1883ರಲ್ಲಿ ತುದಿಯಲ್ಲೇ ಕಲ್ಲಿನ ವೀಕ್ಷಣಾಲಯ ಎದ್ದಿತು. ಸಾಮಾನು ಸಾಗಿಸಲು ಕುದುರೆ ಹಾದಿ ಮಾಡಿದರು. ಈಗ ಎಲ್ಲರೂ ಹತ್ತುವ ಹಾದಿ ಹೆಚ್ಚಾಗಿ ಅದೇ. ಅಲ್ಲಿಂದ 1904ರವರೆಗೆ, ಹಗಲು ರಾತ್ರಿ ಅನ್ನದೆ ಗಂಟೆಗೊಮ್ಮೆ ಉಷ್ಣತೆ, ಗಾಳಿ, ಮಳೆ, ಮೋಡ ಬರೆದಿಟ್ಟರು. ಚಳಿಗಾಲದಲ್ಲಿ ಕಟ್ಟಡ ಹಿಮದಲ್ಲಿ ಮುಚ್ಚಿಹೋಗುತ್ತಿತ್ತು. ಹೊರಗೆ ಬರಲು ಅಂತಲೇ ಒಂದು ಗೋಪುರ ಕಟ್ಟಿಕೊಂಡಿದ್ದರು. ಹಣ ಸಾಲದೆ ಮುಚ್ಚಬೇಕಾಯಿತು. ಗೋಡೆಗಳು ಇನ್ನೂ ಇವೆ, ಗೋಪುರದ ಮೇಲೆ ಈಗ ಒಂದು ಚಿಕ್ಕ ತುರ್ತು ತಂಗುದಾಣ ಇದೆ.

ಆ ದಾಖಲೆ ಹೇಳುವುದು ಇಷ್ಟು. ತುದಿಯ ವಾರ್ಷಿಕ ಸರಾಸರಿ ಉಷ್ಣತೆ ಸೊನ್ನೆಗಿಂತ ಸ್ವಲ್ಪ ಕೆಳಗೆ. ಮಳೆ ಹಿಮ ಸೇರಿ ವರ್ಷಕ್ಕೆ 4000 ಮಿ.ಮೀ.ಗೂ ಹೆಚ್ಚು, ಕೆಳಗಿನ ಫೋರ್ಟ್ ವಿಲಿಯಂನಲ್ಲಿ ಅದರ ಅರ್ಧದಷ್ಟು. ಬಿರುಗಾಳಿ ವರ್ಷಕ್ಕೆ ಸರಾಸರಿ 261. ಸಹನಾ ಅವರೇ, ಮೇ ತಿಂಗಳ ಹಿಮದ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಚಳಿಗಾಲ ಪೂರ್ತಿ ಬಿದ್ದ ಹಿಮ, ಗಾಳಿ ಒಂದೇ ಕಡೆ ಗುಡ್ಡೆ ಹಾಕಿದ್ದು, ಬಿಸಿಲು ಬೀಳದ ಬದಿ. ಬೇಗ ಕರಗಲು ಕಾರಣವೇ ಇಲ್ಲ.

ಇನ್ನೊಂದು ಮಾತು ಹೇಳದೆ ಇರಲಾರೆ. 1894ರ ಸೆಪ್ಟೆಂಬರಿನಲ್ಲಿ ಸಿ.ಟಿ.ಆರ್. ವಿಲ್ಸನ್ ಎಂಬ ಯುವಕ ಕೆಲವು ವಾರ ಆ ವೀಕ್ಷಣಾಲಯದಲ್ಲಿ ಕೆಲಸ ಮಾಡಿದ. ಕೆಳಗಿನ ಮೋಡದ ಮೇಲೆ ತನ್ನ ನೆರಳು ಬಿದ್ದು, ಸುತ್ತ ಬಣ್ಣದ ಉಂಗುರಗಳು ಮೂಡಿದ್ದನ್ನು ಕಂಡ. ಅದನ್ನು ಪ್ರಯೋಗಶಾಲೆಯಲ್ಲಿ ಮಾಡಿ ನೋಡಬೇಕು ಅಂತ ಹೊರಟವನು ಕೊನೆಗೆ ಕ್ಲೌಡ್ ಚೇಂಬರ್ ಕಟ್ಟಿದ. ಕಣ್ಣಿಗೆ ಕಾಣದ ಕಣಗಳ ದಾರಿ ಅದರಲ್ಲಿ ಕಂಡಿತು. 1927ರಲ್ಲಿ ನೊಬೆಲ್ ಬಂತು.

2017ರಲ್ಲಿ ರೀಡಿಂಗ್ ವಿಶ್ವವಿದ್ಯಾಲಯದವರು ಆ ಹಳೆಯ ಪುಟಗಳನ್ನು ಆನ್‌ಲೈನ್‌ನಲ್ಲಿ ಇಟ್ಟು, ಅಂಕಿಗಳನ್ನು ಟೈಪ್ ಮಾಡಲು ಜನರನ್ನು ಕರೆದರು. ಸಾವಿರಾರು ಜನ ಸೇರಿದರು, ನಾನೂ ಕೆಲವು ಪುಟ ಮಾಡಿದೆ. ಗಂಟೆಗಂಟೆಗೆ ಸಾಲು, ಒಂದೂ ಬಿಡುವಂತಿಲ್ಲ. ಬೆಳಗಿನ ಜಾವ ಮೂರು ಗಂಟೆಯ ಸಾಲನ್ನು ತುಂಬುವಾಗ, ಇದಕ್ಕಾಗಿ ಒಬ್ಬರು ಹಾಸಿಗೆ ಬಿಟ್ಟು ಆ ಗಾಳಿಗೆ ಹೊರಗೆ ಹೋಗಿದ್ದರಲ್ಲ ಅಂತ ಅನಿಸುತ್ತಿತ್ತು. ಅವರ ಮೇಲೆ ನನಗೆ ತುಂಬಾ ಗೌರವ.

ಸಹನಾ_ನಡಿಗೆ:

ಇಷ್ಟೆಲ್ಲ ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ, ಮೂವರಿಗೂ ಧನ್ಯವಾದ. ತಮ್ಮನಿಗೆ ಓದಿ ಹೇಳಿದೆ. ಕಾರ್ನಿಸ್ ವಿಷಯ ಕೇಳಿ ಸುಮ್ಮನಾದ.

ಮೋಡದೂರು ಅವರೇ, ಒಂದು ಸಂದೇಹ. ತುದಿಯಿಂದ ಇಳಿಯುವಾಗ ದಿಕ್ಸೂಚಿ ಹಿಡಿದು 231 ಡಿಗ್ರಿಯ ದಿಕ್ಕಿಗೆ, ಆಮೇಲೆ 282 ಡಿಗ್ರಿಯ ದಿಕ್ಕಿಗೆ ನಡೆಯಬೇಕು ಅಂತ ಕೆಲವು ಕಡೆ ಬರೆದಿದ್ದಾರೆ. ನೇರ ಇಳಿಯದೆ ಈ ತಿರುವು ಯಾಕೆ? ಹಾದಿ ಇದೆ ಅಲ್ವಾ?

ಮೋಡದೂರು:

ಹಾದಿ ಇದೆ, ಬೇಸಿಗೆಯ ತಿಳಿ ದಿನ ಅದೇ ಸಾಕು. ಹಿಮ ಮುಚ್ಚಿದರೆ ಹಾದಿ ಕಾಣುವುದಿಲ್ಲ. ಮೋಡ ಇಳಿದರೆ ಬಿಳಿ ನೆಲ, ಬಿಳಿ ಗಾಳಿ, ಎರಡಕ್ಕೂ ನಡುವೆ ಗೆರೆ ಇರುವುದಿಲ್ಲ. ಆಗ ಆ ಎರಡು ಅಂಕಿ ಬೇಕು.

ತುದಿ ಚೂಪಾಗಿಲ್ಲ. ಸುಮಾರು 40 ಹೆಕ್ಟೇರಿನ ಕಲ್ಲಿನ ಬಯಲು. ಚಳಿಗೆ ಸೀಳಿದ ಬಂಡೆಚೂರುಗಳು ಎಲ್ಲ ಕಡೆ, ಎಲ್ಲ ದಿಕ್ಕೂ ಒಂದೇ ಥರ ಕಾಣುತ್ತದೆ. ನೀವು ಇಳಿಯಬೇಕಾದದ್ದು ಪಶ್ಚಿಮಕ್ಕೆ. ನೇರ ಪಶ್ಚಿಮಕ್ಕೆ ಹೊರಟರೆ ಬಲಗಡೆ ಗಾರ್ಡಿಲೂ ಕೊರಕಲಿನ ತಲೆ ಹತ್ತಿರದಲ್ಲೇ ಇದೆ. ವೀಕ್ಷಣಾಲಯದವರು ಕಸ ಸುರಿಯುತ್ತಿದ್ದ ಕೊರಕಲು ಅದು. ಗೋಡೆಯ ಅಂಚು ಅಲ್ಲಿ ಬಯಲಿನೊಳಕ್ಕೆ ಕಚ್ಚಿಕೊಂಡು ಬಂದಿದೆ. ಅದನ್ನು ತಪ್ಪಿಸಲು ಮೊದಲು 231 ಡಿಗ್ರಿಗೆ, ಅಂದರೆ ನೈಋತ್ಯಕ್ಕೆ, 150 ಮೀಟರ್ ನಡೆಯಬೇಕು. ಹೆಜ್ಜೆ ಎಣಿಸಿಯೇ ನಡೆಯಬೇಕು. ಹೆದರಿ ಇನ್ನೂ ಎಡಕ್ಕೆ ಹೋದರೆ ಫೈವ್ ಫಿಂಗರ್ ಕೊರಕಲು. ಅದು ಗ್ಲೆನ್ ನೆವಿಸ್ ಕಡೆಯ ಇಳಿಜಾರಿನಲ್ಲಿದೆ. ಮೇಲಿನಿಂದ ನೋಡಿದರೆ ಇಳಿಯಲು ಒಳ್ಳೆಯ ದಾರಿಯಂತೆ ಕಾಣುತ್ತದೆ, ಕೆಳಗೆ ಹೋದಂತೆ ಕಡಿದಾಗುತ್ತದೆ. ಇಲ್ಲಿ ತುಂಬಾ ಜನ ಪ್ರಾಣ ಕಳೆದುಕೊಂಡಿದ್ದಾರೆ. ಆದ್ದರಿಂದ 150 ಮೀಟರ್ ಆದ ಮೇಲೆ 282 ಡಿಗ್ರಿಗೆ ತಿರುಗಿ ಬಯಲು ದಾಟಿ ಇಳಿಯಬೇಕು. ಇವು ನಕ್ಷೆಯ ಗ್ರಿಡ್, ಅಂದರೆ ಚೌಕದ ಗೆರೆಗಳ ಮೇಲಿನ ಡಿಗ್ರಿಗಳು, ದಿಕ್ಸೂಚಿಯ ಉತ್ತರ ಇದಕ್ಕಿಂತ ಸ್ವಲ್ಪ ಬೇರೆ ಇರಬಹುದು. ದಿಕ್ಸೂಚಿಯ ವ್ಯತ್ಯಾಸ ಆ ವರ್ಷ ಎಷ್ಟಿದೆ ಅಂತ ನೋಡಿ ಸರಿಪಡಿಸಿಕೊಳ್ಳಿ. ದಾರಿಯುದ್ದಕ್ಕೂ ಆಳೆತ್ತರದ ಕಲ್ಲುಗುಪ್ಪೆಗಳನ್ನೂ ಕಟ್ಟಿದ್ದಾರೆ, ದಟ್ಟ ಮೋಡದಲ್ಲಿ ಅವೂ ಒಂದರಿಂದ ಒಂದಕ್ಕೆ ಕಾಣದೆ ಹೋಗಬಹುದು.

ಈ ಪ್ರದೇಶದ ಲಾಕಬರ್ ರಕ್ಷಣಾ ತಂಡದವರು ಸಂಬಳಕ್ಕೆ ಬರುವವರಲ್ಲ, ಊರಿನವರೇ, ಸ್ವಂತ ಕೆಲಸ ಬಿಟ್ಟು ಬರುತ್ತಾರೆ. ಅವರ ಮೇಲಿನ ಗೌರವಕ್ಕಾದರೂ ದಿಕ್ಸೂಚಿ ಬಳಸುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಂಡು ಬನ್ನಿ. ಫೋನನ್ನು ಮಾತ್ರ ನೆಚ್ಚಬೇಡಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಕಾಗದದ ನಕ್ಷೆ ಅಂದರೆ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೇಯ ಎಕ್ಸ್‌ಪ್ಲೋರರ್ 392, ಅದರಲ್ಲಿ 1:25,000 ಅಳತೆ ಇದೆ. ನೀವು ಹೇಳಿದ 1345 ಕೂಡ ಅವರದ್ದೇ. 2016ರಲ್ಲಿ ಮತ್ತೆ ಅಳೆದಾಗ 1344.527 ಬಂತು, ಅಲ್ಲಿಯವರೆಗೆ ನಕ್ಷೆಯಲ್ಲಿ 1344 ಅಂತ ಇತ್ತು.

ನನ್ನದು ಒಂದೇ ಕೋರಿಕೆ. ಎರಡು ದಿನ ಇಟ್ಟುಕೊಳ್ಳಿ. ಮೊದಲ ದಿನ ಟಾರ್ಲಂಡಿಯಿಂದ ಸಿಐಸಿ ಹಟ್‌ವರೆಗೆ ಹೋಗಿ ಗೋಡೆ ನೋಡಿ ಬನ್ನಿ. ಎರಡನೆಯ ದಿನ ಹತ್ತಿ. ಗೋಡೆ ನೋಡಿದವರಿಗೆ ತುದಿಯಲ್ಲಿ ಅಂಚಿನಿಂದ ದೂರ ಇರಿ ಅಂತ ಯಾರೂ ಹೇಳಬೇಕಾಗಿಲ್ಲ. ಎರಡನೆಯ ದಿನ ಹವೆ ಕೆಟ್ಟರೆ ಹತ್ತದೆ ಬಿಡಿ. ಒಂದೇ ದಿನ ಸಿಗುವುದಾದರೆ, ನಾನಾಗಿದ್ದರೆ ತುದಿ ಬಿಟ್ಟು ಗೋಡೆಗೆ ಹೋಗುತ್ತಿದ್ದೆ.

ಕಲ್ಲುಪಾಠ:

ಮೋಡದೂರು ಅವರ ಮಾತಿಗೆ ನನ್ನದೂ ಒಂದು ಓಟು. ಹತ್ತುವ ದಿನ ಕಾಲಡಿಯ ಕಲ್ಲನ್ನೂ ಸ್ವಲ್ಪ ನೋಡುತ್ತಾ ಹೋಗಿ. ಕೆಳಗೆ ಅಭ್ರಕ ಮಿನುಗುವ ಶಿಸ್ಟ್ ಸಿಗುತ್ತದೆ. ಸುಮಾರು 570 ಮೀಟರಿನಲ್ಲಿ ಒಂದು ಚಿಕ್ಕ ಕೆರೆ ಬರುತ್ತದೆ, ಅರ್ಧದಾರಿ ಕೆರೆ ಅಂತಾರೆ. ಆ ಹೊತ್ತಿಗೆ ನೀವು ಗ್ರಾನೈಟ್ ಮೇಲೆ ಇರುತ್ತೀರಿ, ಕಾಳು ಕಾಳಾಗಿ ಹರಳು ಕಾಣುತ್ತದೆ. ಮೇಲಿನ ಬಯಲಿನಲ್ಲಿ ಕಲ್ಲು ನುಣ್ಣಗೆ, ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಕುಸಿದ ತುಂಡು ಅದೇ. ಮೋಡ ಇಲ್ಲದಿದ್ದರೆ, ಹಿಮದ ಅಂಚಿನಿಂದ ದೂರ ನಿಂತು ಪೂರ್ವಕ್ಕೆ ಕಾರ್ನ್ ಮೋರ್ ಜೆರಗ್ ಕಡೆ ನೋಡಿ. ಆ ಬೆಟ್ಟದ ಜಾರುಗಲ್ಲು ಕೆಂಪಗಿದೆ, ಅದು ಗ್ರಾನೈಟ್. ನಿಮ್ಮ ಕಾಲಡಿಯದ್ದು ಬೂದು. ಉಂಗುರದ ಬಿರುಕು ಆ ಎರಡು ಬಣ್ಣಗಳ ನಡುವೆ ಎಲ್ಲೋ ಹಾದುಹೋಗಿದೆ. ಫೋಟೊ ತೆಗೆದರೆ ದಯವಿಟ್ಟು ಇಲ್ಲಿ ಹಾಕಿ, ತರಗತಿಗೆ ಬೇಕು.

ಸಹನಾ_ನಡಿಗೆ:

ಖಂಡಿತ ಹಾಕುತ್ತೇನೆ ಮೇಡಂ. ಟಿಕೆಟ್ ಒಂದು ದಿನ ಮುಂದೆ ಹಾಕಿಸಿಕೊಂಡೆವು. ಮೊದಲ ದಿನ ಟಾರ್ಲಂಡಿ.